ತುಂಬಿದ ಬ್ಯಾಟರಿಯ ತೂಕ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದ ಮೇಲೂ ತಕ್ಕಡಿ ಸಾಹೇಬರು ಯಾವ ವಸ್ತುವನ್ನೂ ತೂಗದೆ ಮನೆಯೊಳಗೆ ಬಿಟ್ಟವರಲ್ಲ. ಮೊಮ್ಮಗಳು ಹುಟ್ಟಿದಾಗ, ಆಸ್ಪತ್ರೆಯವರು ಬರೆದುಕೊಟ್ಟಿದ್ದಕ್ಕಿಂತ ಮಗು ನಲವತ್ತು ಗ್ರಾಂ ಕಡಿಮೆ ಇದೆಯೆಂದು ವಾಪಸು ಹೋಗಿ ವಿಚಾರಿಸಿ ಬಂದಿದ್ದರು.

ಅವರ ಹೆಂಡತಿಯದು ಹೊಲಿಗೆ ಕೆಲಸ. ನಡುಮನೆಯ ಕಿಟಕಿ ಪಕ್ಕ ಮೋಟಾರಿನ ಮೆಷಿನ್ ಇಟ್ಟುಕೊಂಡು ದಿಂಬಿನ ಕವರು ಹೊಲಿದು, ಇಸ್ತ್ರಿ ಮಾಡಿ, ಹತ್ತು ಹತ್ತರ ಕಟ್ಟು ಕಟ್ಟಿ ಹೋಟೆಲುಗಳಿಗೆ ಕಳಿಸುತ್ತಿದ್ದರು. ದಿನಕ್ಕೆ ಮೂರು ನಾಲ್ಕು ಸಲ ಕರೆಂಟ್ ಹೋಗಿ ಸೂಜಿ ಬಟ್ಟೆಯೊಳಗೇ ನಿಂತುಬಿಡುತ್ತಿತ್ತು. ಒಂದು ದಿನ ಅವರು, “ರೀ, ಮಾಳಿಗೆ ಮೇಲೆ ಸೋಲಾರ್ ಹಾಕಿಸಿ. ಇಲ್ಲಾಂದ್ರೆ ನೀವೇ ಇಲ್ಲಿ ಕೂತು ಚಕ್ರ ತಿರುಗಿಸಿ” ಎಂದರು.

ಸಾಹೇಬರು ಇಬ್ಬರಿಗೆ ಫೋನ್ ಮಾಡಿದರು. ಒಬ್ಬರು ಮೇಷ್ಟ್ರು, ಭೌತಶಾಸ್ತ್ರ ಕಲಿಸುವುದು ಬಿಟ್ಟು ಸೋಲಾರ್ ಅಂಗಡಿ ಇಟ್ಟವರು. ಇನ್ನೊಬ್ಬ, ಹಳೆ ಸ್ಕೂಟರ್ ಮಾರುತ್ತಿದ್ದು ಈಚೆಗೆ ಈ ದಂಧೆಗೆ ಇಳಿದವನು. ಇಬ್ಬರ ಪಟ್ಟಿಯಲ್ಲೂ ಪ್ಯಾನೆಲ್ ಅವೇ, ಇನ್ವರ್ಟರ್ ಅದೇ. ಬ್ಯಾಟರಿ ಮಾತ್ರ ಬೇರೆ. ಮೇಷ್ಟ್ರದು ಲಿಥಿಯಂ, ಐದು ಯೂನಿಟ್ಟಿನದು. ಸ್ಕೂಟರಿನವನದು ಸೀಸದ್ದು, ಅದೂ ಐದು ಯೂನಿಟ್ಟು, ಆದರೆ ಅರ್ಧ ಬೆಲೆ.

“ಕಿಲೋಗೆ ಎಷ್ಟು ಬೀಳುತ್ತೆ?” ಎಂದು ಸಾಹೇಬರು ಇಬ್ಬರನ್ನೂ ಕೇಳಿದರು. ಮೇಷ್ಟ್ರು ನಕ್ಕರು. ಸ್ಕೂಟರಿನವನು ನಗಲಿಲ್ಲ.

ಮೊದಲು ಮೇಷ್ಟ್ರ ಬ್ಯಾಟರಿ ಮನೆಗೆ ಬಂತು. ನಡುಮನೆಯಲ್ಲಿದ್ದ ಕಬ್ಬಿಣದ ತಕ್ಕಡಿಯ ಮೇಲೆ ಇಟ್ಟರೆ ನಲವತ್ತೆಂಟು ಕಿಲೋ.

“ಇದು ತುಂಬಿದೆಯೋ ಖಾಲಿಯೋ?”

“ಖಾಲಿ, ಸರ್.”

ಸಾಹೇಬರು ಅದನ್ನು ಚಾರ್ಜ್ ಮಾಡಿಸಿ, ಮಾರನೆಯ ದಿನ ಮತ್ತೆ ತೂಗಿದರು. ಅದೇ ನಲವತ್ತೆಂಟು.

“ಐದು ಯೂನಿಟ್ ತುಂಬಿಸಿದೀನಿ ಅಂತೀರ. ಎಲ್ಲಿದೆ?”

ಮೇಷ್ಟ್ರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ಲೆಕ್ಕದ ಪ್ರಕಾರ ತೂಕ ಒಂಚೂರು ಹೆಚ್ಚಿರುತ್ತೆ ಸರ್. ಮರಳಿನ ಒಂದು ಕಣಾನ ನೂರು ಚೂರು ಮಾಡಿದ್ರೆ ಅದರಲ್ಲಿ ಒಂದು ಚೂರಿನಷ್ಟು. ಅದು ನಿಮ್ಮ ತಕ್ಕಡಿಗೆ ಗೊತ್ತಾಗಲ್ಲ, ಅಷ್ಟೆ.”

ಸಾಹೇಬರ ಹುಬ್ಬು ಗಂಟಿಕ್ಕಿತು. ಮೂವತ್ತೊಂದು ವರ್ಷದಲ್ಲಿ ಸಿಕ್ಕಿಬಿದ್ದ ಪ್ರತಿಯೊಬ್ಬ ಅಂಗಡಿಯವನೂ ಇದೇ ಮಾತು ಹೇಳಿದ್ದ: ದೋಷ ನಿಮ್ಮ ತಕ್ಕಡಿಯದು.

ಆಮೇಲೆ ಸ್ಕೂಟರಿನವನು ಎರಡು ಡಬ್ಬಿ ಹೊರಿಸಿಕೊಂಡು ಬಂದ. ಡಬ್ಬಿಗಳ ಮೇಲೆ ತಲಾ ಅರವತ್ತು ಕಿಲೋ ಎಂದು ಅಚ್ಚಾಗಿತ್ತು. ತೂಗಿದರೆ ಒಂದು ಅರವತ್ತು, ಇನ್ನೊಂದು ಎಪ್ಪತ್ತೊಂದು. “ಹೆಚ್ಚಿಗೇನೇ ಇದೆಯಲ್ಲ ಸಾಹೇಬ್ರೆ” ಎಂದು ಅವನು ಹಣೆ ಒರೆಸಿಕೊಂಡ. ಸಾಹೇಬರು ಆ ಹೆಚ್ಚು ತೂಕದ ಡಬ್ಬಿಯನ್ನು ಮಗ್ಗುಲಾಗಿಸಿ, ತಳದ ರಬ್ಬರ್ ಹಾಳೆ ಎಬ್ಬಿಸಿದರು. ಒಳಗೆ ಹನ್ನೊಂದು ಕಿಲೋ ಕಬ್ಬಿಣದ ತಗಡು ಅಂಟಿಕೊಂಡಿತ್ತು.

ಸ್ಕೂಟರಿನವನು ತಲೆ ತಗ್ಗಿಸಿದ. ಸಾಹೇಬರ ಕಣ್ಣಲ್ಲಿ ಮಾತ್ರ ನಿವೃತ್ತಿಯ ನಂತರ ಯಾರೂ ಕಾಣದ ಬೆಳಕು ಬಂತು. ಅವನಿಗೆ ಕಾಫಿ ಕೊಡಿಸಿದರು, ಅಂಟು ಯಾವುದೆಂದು ವಿಚಾರಿಸಿದರು, ಕಳಿಸಿಕೊಟ್ಟ ಮೇಲೆ ಹೆಂಡತಿಗೆ ಹೇಳಿದರು: “ಇವನ ಹತ್ರಾನೇ ತಗೊಳ್ಳೋಣ.”

“ಮೋಸ ಮಾಡಿದವನ ಹತ್ರನಾ?”

“ಇವನ ಮೋಸ ಹನ್ನೊಂದು ಕಿಲೋ ಅಂತ ಗೊತ್ತಾಯ್ತು. ಆ ಮೇಷ್ಟ್ರದು ಎಷ್ಟು ಅಂತ ಹೇಗೆ ಹೇಳ್ಲಿ? ಕೈಗೇ ಸಿಗ್ತಿಲ್ಲ.”

ಹೆಂಡತಿ ಹಲ್ಲಲ್ಲಿ ಕಚ್ಚಿಕೊಂಡಿದ್ದ ದಾರ ಕತ್ತರಿಸಿ ಎದ್ದರು. ಮಾರನೆಯ ಬೆಳಿಗ್ಗೆ ಮೆಷಿನ್, ಇಸ್ತ್ರಿಪೆಟ್ಟಿಗೆ, ಬಟ್ಟೆಯ ಗಂಟು, ಗಂಡ, ಎಲ್ಲವನ್ನೂ ಆಟೋದಲ್ಲಿ ತುಂಬಿಕೊಂಡು ಸ್ಕೂಟರಿನವನ ಅಂಗಡಿಗೆ ಹೋದರು. “ನಿನ್ನ ಬ್ಯಾಟರಿ ತುಂಬಿಸಿಡು ಅಂತ ನಿನ್ನೆ ಫೋನಲ್ಲಿ ಅಂದಿದ್ನಲ್ಲ, ಅದಕ್ಕೆ ಇವನ್ನೆಲ್ಲ ಸಿಕ್ಕಿಸು” ಎಂದು ಗಿರಾಕಿಗಳ ಬೆಂಚಿನ ಮೇಲೆ ಕೂತು ಹೊಲಿಯತೊಡಗಿದರು. ಪಕ್ಕದಲ್ಲಿ ಸಾಹೇಬರು ಕವರು ಎಣಿಸಿ ಗೆರೆ ಹಾಕುತ್ತ ಹೋದರು. ಮಧ್ಯಾಹ್ನದ ಊಟಕ್ಕೂ ಮುಂಚೆ ಇನ್ವರ್ಟರ್ ಕುಂಯ್ ಕುಂಯ್ ಎಂದಿತು.

“ಅಮ್ಮಾ, ಇಸ್ತ್ರಿ ಒಂದು ಬಿಟ್ಬಿಡಿ” ಎಂದು ಸ್ಕೂಟರಿನವನು ಗೋಗರೆದ.

“ಮುದುಡಿದ ಕವರನ್ನ ನಿನ್ನ ದಿಂಬಿಗೆ ಹಾಕ್ಕೋತೀಯಾ?”

ನಲವತ್ತೊಂದನೆಯ ಕವರಿಗೆ ಎಲ್ಲ ನಿಂತಿತು.

ಮರುದಿನ ಮೇಷ್ಟ್ರ ಅಂಗಡಿ. ಅಲ್ಲಿ ಊಟವಾಯಿತು, ಸಂಜೆಯ ಚಹಾ ಆಯಿತು, ಬಂದ ಗಿರಾಕಿಗಳಿಬ್ಬರು ಇದು ಬಟ್ಟೆ ಅಂಗಡಿಯೆಂದು ತಿಳಿದು ಹಾಸಿಗೆ ಹೊದಿಕೆ ಕೇಳಿದರು. ಮೆಷಿನ್ ನಿಂತಾಗ ಸಾಹೇಬರ ಪುಸ್ತಕದಲ್ಲಿ ತೊಂಬತ್ತೆರಡು ಗೆರೆಗಳಿದ್ದವು. ಅವರು ಮೇಷ್ಟ್ರ ಬೆಲೆಯನ್ನು ತೊಂಬತ್ತೆರಡರಿಂದ, ಸ್ಕೂಟರಿನವನ ಬೆಲೆಯನ್ನು ನಲವತ್ತೊಂದರಿಂದ ಭಾಗಿಸಿದರು. ಎರಡು ಸಲ ಭಾಗಿಸಿದರು. ಒಂದು ಕವರಿಗೆ ದುಬಾರಿಯದೇ ಅಗ್ಗ ಬಿತ್ತು.

“ಸೀಸದ್ದನ್ನ ನಾಲ್ಕು ವರ್ಷಕ್ಕೆ ಬದಲಾಯಿಸ್ಬೇಕು ಸರ್, ಇದು ಹತ್ತು ವರ್ಷ ಬರುತ್ತೆ” ಎಂದು ಮೇಷ್ಟ್ರು ಸೇರಿಸಿದರು.

“ಅದೆಲ್ಲ ಬೇಡ. ರಶೀದಿಯಲ್ಲಿ ಐದು ಯೂನಿಟ್ ಅಂತ ಹಾಕಬೇಡಿ. ತೊಂಬತ್ತೆರಡು ದಿಂಬಿನ ಕವರು ಅಂತ ಬರೀರಿ.”

ಮೇಷ್ಟ್ರು ಪೆನ್ನು ತೆಗೆದು ಹಾಗೇ ಬರೆದರು. “ಇಸ್ತ್ರಿ ಸಹಿತ” ಎಂದು ಸಾಹೇಬರ ಹೆಂಡತಿ ನೆನಪಿಸಿದರು. ಅದನ್ನೂ ಬರೆದರು.

ಮಾಳಿಗೆಯ ಮೇಲೆ ಪ್ಯಾನೆಲ್ ಕೂತವು, ಗೋಡೆಗೆ ಬ್ಯಾಟರಿ ಹತ್ತಿತು. ಮೆಷಿನ್ ಮತ್ತೆ ನಿಲ್ಲಲಿಲ್ಲ. ಆಗ ಸಾಹೇಬರಿಗೆ ಹೊಸ ಚಿಂತೆ ಶುರುವಾಯಿತು. ಮನೆಯಲ್ಲಿ ಕರೆಂಟ್ ಹೋಗಿದ್ದು ಗೊತ್ತೇ ಆಗುತ್ತಿರಲಿಲ್ಲ. ಹೋಗದೇ ಇದ್ದರೆ ಕೊಟ್ಟ ದುಡ್ಡು ಎಲ್ಲಿ ಕೆಲಸ ಮಾಡುತ್ತಿದೆ? ಅರ್ಧ ಗಂಟೆಗೊಮ್ಮೆ ಪಕ್ಕದ ಮನೆಯ ಬೆಲ್ ಒತ್ತಿ “ನಿಮ್ಮಲ್ಲಿ ಕರೆಂಟ್ ಇದೆಯಾ?” ಎನ್ನತೊಡಗಿದರು. ಆ ಮನೆಯ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು. ಮೂರನೆಯ ದಿನ ಅವರು ವರಾಂಡದ ಫ್ಯಾನಿನ ಕೆಳಗೆ ಒಂದು ಕುರ್ಚಿ ಹಾಕಿಕೊಟ್ಟರು. “ಫ್ಯಾನ್ ನಿಂತ್ರೆ ಕರೆಂಟ್ ಹೋಯ್ತು ಅಂತ. ಬೆಲ್ ಮುಟ್ಬೇಡಿ ಅಣ್ಣಾ, ಕೈ ಮುಗೀತೀನಿ.”

ಸಾಹೇಬರು ಕೂತು ಕಾದರು. ಫ್ಯಾನ್ ನಿಂತಿತು. ಬೆನ್ನಿಗೆ ಅಂಗಿ ಅಂಟಿತು. ಹನ್ನೊಂದು ಗಂಟೆ ಹನ್ನೆರಡು ನಿಮಿಷ ಎಂದು ಪುಸ್ತಕದಲ್ಲಿ ಬರೆದುಕೊಂಡು ಮನೆಗೆ ಓಡಿದರು.

“ಹೋಯ್ತು ಕಣೇ.”

“ಏನು ಹೋಯ್ತು?” ಹೆಂಡತಿ ತಲೆ ಎತ್ತದೆ ಕೇಳಿದರು.

“ಕರೆಂಟು.”

“ಹಾಗಾದ್ರೆ ಬಾಗಿಲು ಹಾಕ್ಕೊಂಡು ಹೋಗಿ. ಬಿಸಿಗಾಳಿ ಬರ್ತಿದೆ.”

ಸಾಹೇಬರು ಬಾಗಿಲು ಎಳೆದುಕೊಂಡು, ನಿಂತ ಫ್ಯಾನಿನ ಕೆಳಗಿನ ಕುರ್ಚಿಗೆ ಮರಳಿದರು. ಕರೆಂಟ್ ಬರುವ ಹೊತ್ತನ್ನೂ ಬರೆದುಕೊಳ್ಳಬೇಕಿತ್ತು.