ಗಾಡಿಗೆ ನೀರು

ಚಿಗಟೇರಿ ದಾಟಿ ಒಳದಾರಿಗೆ ಹೊರಳಿದರೆ ಸಿಗುವ ಊರು. ಅಲ್ಲಿನ ಪಾಲಾಕ್ಷಪ್ಪ ಗೌಡರ ಹಳೇ ಟ್ರ್ಯಾಕ್ಟರು ವರ್ಷಾ ವರ್ಷಾ ಆಯುಧ ಪೂಜೆಗೆ ಕುಂಬಳಕಾಯಿ ಒಡೆಸಿಕೊಳ್ಳುತ್ತಿತ್ತು, ಕೊಟ್ಟಿಗೆ ಬಿಟ್ಟು ಮಾತ್ರ ಗೇಣು ಕದಲುತ್ತಿರಲಿಲ್ಲ. ಗೌಡರ ತಂದೆ ತರಿಸಿದ್ದ ಪರದೇಶದ ಗಾಡಿ ಅದು. ಸುತ್ತಿನ ಹಳ್ಳಿಗಳಿಗೆಲ್ಲ ಮೊದಲ ಟ್ರ್ಯಾಕ್ಟರು. ಎಪ್ಪತ್ತರ ದಶಕದಲ್ಲೊಂದು ದಿನ ಎಂಜಿನ್ನು ಒಳಗೇ ಬಿಗಿದು ಹಿಡಿದುಕೊಂಡು ನಿಂತದ್ದು, ನಿಂತೇ ಇತ್ತು. ಸತ್ತ ಗಾಡಿಗೂ ಈ ಸೀಮೆಯಲ್ಲಿ ಹೂವಿನ ಹಾರ ಬೀಳುತ್ತದೆ. ಅದನ್ನು ಓಡಿಸಿದವನಿಗೆ ಬೀಳುವುದಿಲ್ಲ, ಆ ಮಾತು ಬೇರೆ.

ಕಾರ್ಗಿಲ್ ಕಾಳಗ ಮುಗಿದ ವರ್ಷ ಗೌಡರು ಹಟಕ್ಕೆ ಬಿದ್ದರು. ಈ ಸಲ ಹಬ್ಬಕ್ಕೆ ಗಾಡಿ ತಾನಾಗಿಯೇ ಹೊರಗೆ ಬರಬೇಕು. ಹರಪನಹಳ್ಳಿಯಲ್ಲಿ ಗ್ಯಾರೇಜಿಟ್ಟಿದ್ದ ಮಂಜಣ್ಣನಿಗೆ ಹೇಳಿ ಕಳಿಸಿದರು.

ಮಂಜಣ್ಣ ಬಂದ. ಹಣೆಯ ತುಂಬ ವಿಭೂತಿ. ಸ್ಪ್ಯಾನರ್ ಹಿಡಿಯುವುದನ್ನು ಅವನಿಗೆ ಉಸ್ತಾದ್ ಕಲಿಸಿದ್ದ. ವಿಭೂತಿ ಬಳಿದುಕೊಳ್ಳುವುದನ್ನು ಅವನು ತಾನೇ ಕಲಿತಿದ್ದ. ದೊಡ್ಡ ಮನೆಗಳ ಅಂಗಳಕ್ಕೆ ಹೋಗುವವನಿಗೆ ಅದೂ ಒಂದು ಹತ್ಯಾರವೇ. ಕೆಲವು ಬಾಗಿಲು ಯಾವ ಸ್ಪ್ಯಾನರಿಗೂ ಬಿಚ್ಚುವುದಿಲ್ಲ.

"ನಮ್ಮೋರ ಏನಪಾ?" ಗೌಡರು ಕೇಳಿದರು.

"ಹೂಂ ರೀ," ಅಂದ.

ಅಷ್ಟೇ. ಅಷ್ಟಕ್ಕೇ ಪಡಸಾಲೆಯ ಚಾಪೆ ಬಿಚ್ಚಿಕೊಂಡಿತು, ಸ್ಟೀಲು ಲೋಟದಲ್ಲಿ ಚಾ ಬಂತು.

"ಗಾಡಿ ಕೆಟ್ಟಿದ್ದು ಹೆಂಗ್ರಿ ಗೌಡ್ರ?"

"ಕೆಟ್ಟಿದ್ದಲ್ಲೋ, ಕೆಡಿಸಿದ್ದು. ಕೇರಿ ಓಬ ಅಂತ ಡ್ರೈವರ್ ಒಬ್ಬ ಇದ್ದ. ಕುಡದು ಹೊಡದ, ಸುಟ್ಟು ಇಟ್ಟ. ಅಂಥೋರ ಕೈಯಾಗ ಸ್ಟೇರಿಂಗ್ ಕೊಟ್ಟಿದ್ದು ನಮ್ಮಪ್ಪನ ತಪ್ಪು. ಮಂಗ್ಯಾನ ಕೈಯಾಗ ಮಾಣಿಕ್ಯ!"

ಕಟ್ಟೆಯ ಮೇಲಿದ್ದವರು ನಕ್ಕರು. ಮಂಜಣ್ಣನೂ ನಕ್ಕ.

ಓಬಣ್ಣ ಅವನ ಅಪ್ಪ.

ಗಾಡಿ ನಿಂತ ವಾರದಲ್ಲೇ ಗೌಡರ ತಂದೆ ಓಬಣ್ಣನನ್ನು ಊರ ನಡುವೆ ಕಂಬಕ್ಕೆ ಕಟ್ಟಿಸಿ ಹೊಡೆಸಿದ್ದರು. ಮಂಜಣ್ಣ ಆಗ ಅವ್ವನ ಸೊಂಟದ ಕೂಸು. ಅವತ್ತೇ ಕೇರಿ ಬಿಟ್ಟು ಕೂಡ್ಲಿಗಿ ಸೇರಿದ ಸಂಸಾರ ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಕುಡುಕ ಅನ್ನಿಸಿಕೊಂಡ ಮೇಲೆ ಓಬಣ್ಣ ಕುಡಿಯಲು ಕಲಿತ. ಈಗ ಮಗಳು ಕೆಂಚಕ್ಕನ ಮನೆಯಲ್ಲಿದ್ದ. ದಿನಾ ಕೂಡ್ಲಿಗಿ ರಸ್ತೆ ಬದಿಯ ಹುಣಸೆ ಮರದ ಕೆಳಗೆ ಕೂತು, ಹೋಗುವ ಬರುವ ಟ್ರ್ಯಾಕ್ಟರಿಗೆಲ್ಲ ಕೈ ಅಡ್ಡ ಹಿಡಿದು ಕೇಳುತ್ತಿದ್ದ: "ನೀರು ನೋಡೀರೇನ್ರಿ?" ಡ್ರೈವರುಗಳು ಅವನಿಗೆ ನೀರಪ್ಪ ಅಂತ ಹೆಸರಿಟ್ಟಿದ್ದರು. "ನಿನಗ ನೀರಲ್ಲೋ ನೀರಪ್ಪ, ಬ್ಯಾರೇದ ಬೇಕಾಗೈತಿ ಹೋಗು!" ಎಂದು ಹಾರ್ನ್ ಹೊಡೆದು ಹೋಗುತ್ತಿದ್ದರು. ಒಮ್ಮೆ ಮಂಜಣ್ಣ ಗೆಳೆಯರ ಜೊತೆ ಅದೇ ದಾರಿಯಲ್ಲಿ ಹೋಗುವಾಗ ಮುದುಕ ಅಡ್ಡ ಬಂದಿದ್ದ. ಯಾರಿವನು ಎಂದು ಗೆಳೆಯರು ಕೇಳಿದರೆ, ಯಾವನೋ ಹುಚ್ಚ ಅಂದಿದ್ದ ಮಗ.

ಈ ಗಾಡಿಯ ಕೆಲಸ ಒಪ್ಪಿಕೊಂಡದ್ದು ಯಾಕೆಂದು ಅವನಿಗೇ ತಿಳಿಯದು. ಅಪ್ಪ ಕೊಂದದ್ದನ್ನು ತಾನು ಬದುಕಿಸಿದರೆ ಎಲ್ಲೋ ಒಂದು ಕಲೆ ಅಳಿಸುತ್ತದೆ ಅಂದುಕೊಂಡಿದ್ದಿರಬೇಕು. ಆ ಕಲೆ ಅಪ್ಪನದೇ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಕೆಲಸ ಶುರುವಾಯಿತು. ಎಂಜಿನ್ನಿನ ತಲೆಯ ಮೇಲಿನ ನಾಝಲ್ ಬಿಚ್ಚಿ, ಆ ತೂತುಗಳಲ್ಲಿ ಡೀಸೆಲ್ಲಿಗೆ ಔಡಲೆಣ್ಣೆ ಬೆರೆಸಿ ಹೊಯ್ದು ನೆನೆಯಲು ಬಿಟ್ಟ. ಟಾಪ್ ಗೇರಿಗೆ ಹಾಕಿ ಊರ ಹುಡುಗರಿಂದ ಹಿಂದಿನ ಗಾಲಿ ಹಿಂದಕ್ಕೂ ಮುಂದಕ್ಕೂ ಜಗ್ಗಿಸಿದ. ಎಂಜಿನ್ನು ಜಪ್ಪಯ್ಯ ಅನ್ನಲಿಲ್ಲ. ಕಡೆಗೆ ಕೆಳಗಿನ ಆಯಿಲ್ ತೊಟ್ಟಿ ಬಿಚ್ಚಿದ.

ಅಲ್ಲಿ ಮೊದಲ ಪೆಟ್ಟು ಬಿತ್ತು. ತೊಟ್ಟಿಯ ತುಂಬ ಆಯಿಲ್ ಇತ್ತು. ಕಪ್ಪಗೆ, ಕಾಕಂಬಿಯ ಹಾಗೆ ದಪ್ಪಗಾಗಿತ್ತು, ಆದರೆ ಅಳತೆಗೆ ಸರಿಯಾಗಿತ್ತು. ಬೇರಿಂಗುಗಳಿಗೆ ಒಂದು ಗೀರು ಇಲ್ಲ. ಆಯಿಲ್ ಸೋಸುವ ಜಾಲರಿಗೆ ಯಾರೋ ಸೀರೆ ಸೆರಗಿನ ಬಟ್ಟೆ ಸುತ್ತಿ ನೀಟಾಗಿ ಕಟ್ಟಿದ್ದರು. ಹಸಿರಂಚಿನ ಬಟ್ಟೆ.

ಮೇಲಿನ ಹೆಡ್ ಎತ್ತಿದ. ಪಿಸ್ಟನ್ನುಗಳ ತಲೆ ನೀಲಿಗಟ್ಟಿತ್ತು. ನಡುವಿನ ಗ್ಯಾಸ್ಕೆಟ್ ಸುಟ್ಟು ಬೂದಿ. ನೀರಿಲ್ಲದೆ ಓಡಿದ ಎಂಜಿನ್. ಬೇರೆ ಮಾತಿಲ್ಲ.

ಮಂಜಣ್ಣ ಆ ಹಸಿರಂಚು ಕೈಯಲ್ಲಿ ಹಿಡಿದು ಕೂತ. ಇಷ್ಟು ಆಸ್ಥೆಯಿಂದ ಆಯಿಲ್ ಕಾಯ್ದವನು ನೀರು ಮರೆಯುತ್ತಾನೆಯೇ?

ಅದರ ಉತ್ತರ ಊಟದ ತಾಟಿನ ಮುಂದೆ ಸಿಕ್ಕಿತು. ಗೌಡರ ತಾಯಿ ಬೊಮ್ಮಮ್ಮ ಪಡಸಾಲೆಯಲ್ಲಿ ಅವನಿಗೆ ರೊಟ್ಟಿ ಹಾಕಿಸಿ ಎದುರು ಕೂತಿದ್ದರು. ಮೆತ್ತಗಿನ ಮುದುಕಿ. ಕೈ ತೊಳೆಯಲು ತಾವೇ ತಂಬಿಗೆ ಕೊಟ್ಟಿದ್ದರು. ಮಾತಿಗೆ ಮಾತು ಬರಲೆಂದು ಮಂಜಣ್ಣ ಕೇಳಿದ: "ಅವ್ವಾರ, ಗಾಡಿ ಸೀಟಿನ ಹಿಂದ ಒಂದು ತಗಡಿನ ಡಬ್ಬ ತಂತಿಲೆ ಬಿಗದೈತಲ್ಲ, ಅದು ಯಾವುದ್ರಿ?"

"ಅಯ್ಯ, ಅದು ಓಬನ ಡಬ್ಬ. ಅಂವ ನೀರು ಕುಡಿಯೋದು. ಅಂವ ಕೆಳಗ ಹಿಡಿತಿದ್ದ, ನಾವು ಮ್ಯಾಲಿಂದ ಹೊಯ್ತಿದ್ವಿ."

"ಗಾಡಿಗೂ ಅದರಾಗ ಹಾಕ್ತಿದ್ನೇನ್ರಿ?"

"ಏ, ಛೆ! ಗಾಡಿಗೆ ಅಂವ ಹೆಂಗ ಹಾಕ್ತಾನ? ಪೂಜಿ ಮಾಡಿದ ಗಾಡಿ ಅದು. ಬಾವಿ ಅಂತೂ ಅಂವ ಮುಟ್ಟಂಗಿಲ್ಲ. ಗಾಡಿಗೆ ಮನಿ ಗಂಡಸ್ರ ಹಾಕ್ತಿದ್ರು, ತಾಮ್ರದ ಕೊಡದಾಗ. ಅವತ್ತು ಗಂಡಸ್ರೆಲ್ಲಾ ಉಜ್ಜಿನಿ ಮಠಕ್ಕ ಹೋಗಿದ್ರು. ಜ್ವಾಳದ ತೆನಿ ಹೊಲದಾಗ ಬಿದ್ದಿತ್ತು, ಮೋಡ ಬ್ಯಾರೆ ಕಟ್ಟಿತ್ತು. ಸಂಜಿಯೊಳಗ ತೆನಿ ಮನಿ ಸೇರಲಿಲ್ಲಂದ್ರ ಚರ್ಮ ಸುಲೀತೀನಿ ಅಂತ ನಮ್ಮನಿಯೋರು ಅವಗ ಹೇಳಿ ಹೋಗಿದ್ರು. ಅಂವ ಬಂದು ಬಾಗಲದಾಗ ನಿಂತು 'ಅವ್ವಾರ, ಗಾಡಿಗೆ ನೀರು, ಗಾಡಿಗೆ ನೀರು' ಅಂತ ಒದರಿದ್ದ ಒದರಿದ್ದು. ನಂದಿನ್ನಾ ಲಿಂಗಪೂಜಿ ಆಗಿದ್ದಿಲ್ಲ. ತಡಿಯೋ ಅಂದೆ. ಎಷ್ಟೊತ್ತು ತಡದಾನು? ಹಂಗ ಗಾಡಿ ಹೊಡಕೊಂಡು ಹೋದ." ಮುದುಕಿ ಅವನ ತಾಟಿಗೆ ತುಪ್ಪ ಬಿಟ್ಟರು. "ನಮ್ಮನಿಯೋರು ಬಂದು ಕೇಳಿದಾಗ ನಾನೂ ಸುಮ್ನಾದೆ. ಕುಡದಿದ್ದ ಅಂತ ಅವರ ಅಂದ್ರು, ಊರೂ ಅಂತು. ಉಣ್ಣಪಾ, ಯಾಕ ಕೈ ಬಿಟ್ಟಿ?"

ಓಬಣ್ಣ ದಿನವಿಡೀ ಕೂತ ಸೀಟಿಗೆ ಮೈಲಿಗೆಯಿಲ್ಲ. ಅವನು ಹಿಡಿದ ಸ್ಟೇರಿಂಗಿಗೆ ಮೈಲಿಗೆಯಿಲ್ಲ. ಅವನು ಉತ್ತ ಹೊಲದ ಜೋಳ ಈ ಮನೆಯ ರೊಟ್ಟಿಯಾಗಿ ತಾಟಿಗೆ ಬಿದ್ದರೆ ಮೈಲಿಗೆಯಿಲ್ಲ. ಅವನ ಕೈ ತಾಗಿದ ನೀರು ಕಬ್ಬಿಣದ ಹೊಟ್ಟೆಗೆ ಇಳಿದರೆ ಮಾತ್ರ ಮೈಲಿಗೆ!

ಇದನ್ನೆಲ್ಲ ಮಂಜಣ್ಣ ಹೇಳಿದನೇ? ಇಲ್ಲ. ತಾಟಿನಲ್ಲಿದ್ದದ್ದನ್ನು ಉಂಡ. ತುಪ್ಪದ ರೊಟ್ಟಿಯನ್ನು ಕೊನೆಯ ಚೂರಿನವರೆಗೂ ಉಂಡು, "ರುಚಿ ಆಗೈತ್ರಿ ಅವ್ವಾರ" ಅಂದು ಎದ್ದ. ಕೊಟ್ಟಿಗೆಗೆ ಬಂದು ಪಿಸ್ಟನ್ನಿನ ಮೇಲೆ ಜಾಲಿ ಕಟ್ಟಿಗೆಯ ತುಂಡಿಟ್ಟು ಸುತ್ತಿಗೆಯಲ್ಲಿ ಹೊಡೆಯತೊಡಗಿದ. ಒಂದೊಂದೇ ಪಿಸ್ಟನ್ನು ತುಕ್ಕು ಉದುರಿಸುತ್ತ ಸಡಿಲಾಯಿತು. ಯಾವನೋ ಹುಚ್ಚ ಎಂದು ತಾನು ಅಂದ ಮಾತು ಪ್ರತಿ ಏಟಿಗೂ ತನ್ನ ನೆತ್ತಿಗೇ ಬೀಳುತ್ತಿತ್ತು.

ದಾವಣಗೆರೆಯ ಲೇತಿನಲ್ಲಿ ಸಿಲಿಂಡರುಗಳಿಗೆ ಬೋರ್ ಮಾಡಿಸಿ ತಂದ. ಹೊಸ ರಿಂಗು, ಹೊಸ ಗ್ಯಾಸ್ಕೆಟ್ ಕೂಡಿಸಿದ. ಜಾಲರಿಯ ಬಟ್ಟೆಯನ್ನು ಮಾತ್ರ ಮರಳಿ ಕಟ್ಟಲಿಲ್ಲ, ಅಂಗಿಯ ಜೇಬಿಗಿಟ್ಟುಕೊಂಡ.

ಹಬ್ಬದ ಮುಂಜಾನೆ ಗಾಡಿಯನ್ನು ನೂಕಿ ಅಂಗಳಕ್ಕೆ ತಂದರು. ಗಾಲಿಗೆ ನಿಂಬೆಹಣ್ಣು, ಬಾನೆಟ್ಟಿಗೆ ಚೆಂಡುಹೂ. ಬೊಮ್ಮಮ್ಮ ಬೆಳಗಿದ ತಾಮ್ರದ ಕೊಡವನ್ನು ಮಂಜಣ್ಣನ ಕೈಗೆ ಕೊಟ್ಟರು. "ನೀನ ಸೇದಿ ಹಾಕಪಾ, ನಿನ್ನ ಕೈಗುಣ."

ಅವನು ಬಾವಿಗೆ ಹೋದ. ಹಗ್ಗ ಹಿಡಿದ. ಯಾರೂ ಬೇಡ ಅನ್ನಲಿಲ್ಲ. ನೀರು ಸೇದುವುದು ಇಷ್ಟು ಸಲೀಸು! ಹಣೆಯ ಮೇಲೊಂದಿಷ್ಟು ಬೂದಿ, ಬಾಯಲ್ಲೊಂದು ಸುಳ್ಳು, ಇಷ್ಟಿದ್ದರೆ ಸಾಕಿತ್ತು. ಇಷ್ಟಿಲ್ಲದ್ದಕ್ಕೆ ಒಬ್ಬ ಮನುಷ್ಯ ಕಂಬಕ್ಕೆ ಕಟ್ಟಿಸಿಕೊಂಡಿದ್ದ. ರೇಡಿಯೇಟರಿಗೆ ನೀರು ಹೊಯ್ದು ಮುಚ್ಚಳ ಬಿಗಿದ.

ಗಾಡಿ ಕೆಮ್ಮಿತು, ಕರಿ ಹೊಗೆ ಉಗುಳಿತು, ಆಮೇಲೆ ಗುಡುಗುಡು ಅಂತ ಹತ್ತಿಕೊಂಡಿತು. ಶಿಳ್ಳೆ ಬಿದ್ದವು. ಗೌಡರು ಮಂಜಣ್ಣನ ಕೊರಳಿಗೆ ಹಾರ ಹಾಕಿ, ಗದ್ದಲದ ಮೇಲೆ ಕೂಗಿ ಹೇಳಿದರು: "ನೋಡ್ರಲೇ, ಕುಡುಕ ಓಬ ಕೊಂದಿದ್ದನ್ನ ನಮ್ಮ ಹುಡುಗ ಬದುಕಿಸ್ಯಾನ! ಯಾರ ಕೈಯಾಗ ಏನಿರಬೇಕೋ ಅದ ಇರಬೇಕು!"

ಮಂಜಣ್ಣ ಗಾಡಿ ಬಂದ್ ಮಾಡಿದ. ಹಾರ ತೆಗೆದು ಬಾನೆಟ್ಟಿನ ಮೇಲಿಟ್ಟ.

"ಗೌಡ್ರ, ನಾನು ಓಬಣ್ಣನ ಮಗ. ನಮ್ಮಪ್ಪ ಅವತ್ತು ಕುಡದಿದ್ದಿಲ್ಲ. ನಿಮ್ಮ ಬಾಗಲದಾಗ ನಿಂತು ನೀರು ಕೇಳಿದ್ದ. ನೀವು ಕೊಡಲಿಲ್ಲ. ಬೇಕಾದ್ರ ಅವ್ವಾರನ್ನ ಕೇಳ್ರಿ."

ಎಲ್ಲರೂ ಬೊಮ್ಮಮ್ಮನ ಕಡೆ ನೋಡಿದರು. ಮುದುಕಿ ಯಾರನ್ನೂ ನೋಡಲಿಲ್ಲ. ಅವರು ನೋಡುತ್ತಿದ್ದದ್ದು ತಾಮ್ರದ ಕೊಡವನ್ನು. ಕಡೆಗೆ ಅದನ್ನು ಕೈಯಿಂದ ಮುಟ್ಟದೆ, ಊರುಗೋಲಿನಿಂದ ಮೆಲ್ಲಗೆ ದೂರ ಉರುಳಿಸಿದರು.

ಗೌಡರ ಮುಖ ಕೆಂಪಾಯಿತು. "ಈಗ ಅದನ್ನೆಲ್ಲಾ ಯಾರು ನೋಡ್ತಾರೋ? ಕಾಲ ಬದಲಾಗೈತಿ. ಆದ್ರ ನೀನು ನಮ್ಮೋರು ಅಂತ ಸುಳ್ಳು ಹೇಳಿ ಪಡಸಾಲ್ಯಾಗ ಕುಂತು ಉಂಡೀ ನೋಡು, ಅದು ಮೋಸ."

"ಹೌದ್ರಿ. ಅದು ಮೋಸನ. ಆದ್ರ ಮೋಸ ಹೋಗಿದ್ದು ನೀವಲ್ಲ, ನಮ್ಮಪ್ಪ."

ಅವನು ಬಗ್ಗಿ ರೇಡಿಯೇಟರಿನ ಕೆಳಗಿನ ನಲ್ಲಿ ತಿರುವಿದ. ಬಿಸಿನೀರು ಹಬೆಯಾಡುತ್ತ ರಂಗೋಲಿಯ ಮೇಲೆ ಹರಿಯಿತು. "ನಾನು ಹಾಕಿದ್ದು ನಾನು ತಗೊಂಡೆ. ತಣ್ಣಗಾದ ಮ್ಯಾಲ ನೀವ ಹಾಕ್ಕೊಳ್ರಿ. ಹಾಕಲಾರದ ಚಾಲೂ ಮಾಡಿದ್ರ ಮತ್ತ ಹಿಡಿತೈತಿ. ಈ ಸಲ ತಪ್ಪು ಹೊರಿಸಾಕ ಓಬಣ್ಣ ಇಲ್ಲ."

ಯಾರೂ ತಡೆಯಲಿಲ್ಲ. ಅಂಗಳ ದಾಟುವಾಗ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ.

ಕೂಡ್ಲಿಗಿಯಲ್ಲಿ ಬಸ್ಸಿಳಿದಾಗ ಹೊತ್ತು ಇಳಿದಿತ್ತು. ಓಬಣ್ಣ ಹುಣಸೆಯ ಕೆಳಗೇ ಇದ್ದ. ಮಗ ಹತ್ತಿರ ಬಂದು ಕೂತದ್ದು ಕಂಡು ಮುದುಕನಿಗೆ ಗಾಬರಿಯಾಯಿತು. ಬಯಲಿನಲ್ಲಿ, ನಾಲ್ಕು ಮಂದಿ ನೋಡುವ ಕಡೆ ಮಗ ಹಾಗೆ ಕೂತವನಲ್ಲ. ಮಂಜಣ್ಣ ಜೇಬಿನಿಂದ ಹಸಿರಂಚಿನ ಬಟ್ಟೆ ತೆಗೆದು ಅಪ್ಪನ ಅಂಗೈಯಲ್ಲಿಟ್ಟ. ಓಬಣ್ಣ ಅದನ್ನು ಮೂಸಿ ನೋಡಿದ.

"ನಿಮ್ಮವ್ವನ ಸೀರಿ," ಅಂದ. ಅದು ಯಾವ ಗಾಡಿಯಿಂದ ಬಂದದ್ದೆಂದು ಹೊಳೆದು, "ಚಾಲೂ ಆತೇನಲೇ?"

"ಆತು."

"ನೀರು ಯಾರು ಹಾಕಿದ್ರು?"

"ನಾನ ಹಾಕಿದೆ. ಆಮ್ಯಾಲ ಹೇಳಬೇಕಾದ್ದು ಹೇಳಿ, ನಾನ ತಗದು ಬಂದೆ." ಅಪ್ಪ ಈಗ ಬೆನ್ನು ಸವರುತ್ತಾನೆ ಅಂತ ಮಂಜಣ್ಣನ ಜೀವ ಕಾಯುತ್ತಿತ್ತು.

ಓಬಣ್ಣ ತಟ್ಟನೆ ತಿರುಗಿದ. "ತಗದು ಬಂದ್ಯಾ? ಒಣಾ ಬಿಟ್ಟು ಬಂದ್ಯಾ ಅದನ್ನ? ಲೇ, ಅದೇನು ಮಾಡಿತ್ತೋ? ನನ್ನ ಕೈ ಮುಟ್ಟಬ್ಯಾಡ ಅಂತ ಅದು ಯಾವತ್ತಾರ ಅಂದಿತ್ತೇನಲೇ?"

ಮಂಜಣ್ಣ ತಲೆ ತಗ್ಗಿಸಿ ಕೂತ. ಎಲ್ಲ ತೀರಿಸಿ ಬಂದೆ ಅಂದುಕೊಂಡವನಿಗೆ ಇನ್ನೂ ತೀರದ್ದೊಂದು ಉಳಿದಿತ್ತು. ಅವತ್ತು ಹೊಲದ ತೆನೆಗಾಗಿ ಅಲ್ಲ, ಆ ಗಾಡಿಗಾಗಿ ಅಪ್ಪ ಆ ಬಾಗಿಲಲ್ಲಿ ಒದರಿದ್ದ.

ಹೊಸಪೇಟೆ ಕಡೆಯಿಂದ ಟ್ರ್ಯಾಕ್ಟರೊಂದು ಬಂತು. ಓಬಣ್ಣ ಏಳಲಿಲ್ಲ, ಬಟ್ಟೆ ಹಿಡಿದು ಕೂತೇ ಇದ್ದ. ಮಂಜಣ್ಣ ಎದ್ದ. ರಸ್ತೆಗೆ ಬಂದು ಕೈ ಅಡ್ಡ ಹಿಡಿದ.

"ನೀರು ನೋಡೀರೇನ್ರಿ?"

ಡ್ರೈವರು ಬ್ರೇಕ್ ಹಾಕಿ, ಇವನನ್ನೂ ಮರದ ಕೆಳಗಿನ ಮುದುಕನನ್ನೂ ನೋಡಿ ಹಲ್ಲು ಕಿರಿದ. "ಇವನ್ಯಾರಪಾ ಹೊಸಬ! ನೀರಪ್ಪನ ಮಗನೇನಲೇ?"

"ಹೂಂ," ಅಂದ ಮಂಜಣ್ಣ.