ರಷ್ಯಾ ನೋಟು

ನರಸಿಂಹಮೂರ್ತಿ ಮೇಷ್ಟ್ರು ಜಿಪುಣರು. ಸತ್ತವರ ಬಗ್ಗೆ ಹೀಗೆ ಬರೆಯಬಾರದೆಂದು ಗೊತ್ತು, ಆದರೂ ಬರೆಯುತ್ತೇನೆ. ದುಡ್ಡಿನ ವಿಷಯದಲ್ಲಿ ಅಲ್ಲ. ನನ್ನಿಂದ ಅವರು ಬಿಡಿಗಾಸೂ ಫೀಸು ತೆಗೆದುಕೊಂಡವರಲ್ಲ. ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಹತ್ತಿ ಗೌರಿಬಿದನೂರಿಗೆ ಹೋದರೆ ಉಪ್ಪಿಟ್ಟು, ಕಾಫಿ, ಪಿಯಾನೊ ಪಾಠ ಎಲ್ಲ ಪುಕ್ಕಟೆ. ಅವರ ಜಿಪುಣತನವೆಲ್ಲ ಸಂಗೀತದ ಹಾಳೆಗಳಲ್ಲಿತ್ತು.

ಎಂಬತ್ತರ ದಶಕದಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಇಂಜಿನಿಯರಿಂಗ್ ಓದಲು ಮಾಸ್ಕೋಗೆ ಹೋದವರು, ಹಾಸ್ಟೆಲಿನ ಹತ್ತಿರವಿದ್ದ ನೀನಾ ಬೆರೆಸ್ಕಿನಾ ಎಂಬಾಕೆಯ ಮನೆಯಲ್ಲಿ ಪಿಯಾನೊ ಕಲಿತು ಬಂದಿದ್ದರು. ಆಕೆ ಸ್ವತಃ ಸಂಗೀತ ರಚಿಸುತ್ತಿದ್ದವಳು. ಸರ್ಕಾರ ಕೇಳಿದ ಹಾಗೆ ಜೈಕಾರದ ಹಾಡು ಬರೆಯಲಿಲ್ಲವೆಂದು ಆಕೆಯ ರಚನೆಗಳನ್ನು ಯಾರೂ ಅಚ್ಚು ಹಾಕಲಿಲ್ಲವಂತೆ. ಮೇಷ್ಟ್ರು ಹೊರಡುವಾಗ ಪಿಯಾನೊಗೆಂದೇ ರಚಿಸಿದ ತನ್ನ ಒಂದು ಸೊನಾಟಾವನ್ನು ತಾನೇ ಮಸಿಯಲ್ಲಿ ಬರೆದಿಟ್ಟಿದ್ದ ಹಾಳೆಗಳನ್ನು ಅವರ ಕೈಗಿಟ್ಟಳು. ಮೇಷ್ಟ್ರು ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು.

ನನಗೆ ಕೊಟ್ಟದ್ದು ಒಂದೊಂದೇ ಪುಟ, ಅದೂ ಜೆರಾಕ್ಸು. "ಇದು ಬರ್ಲಿ ಹರಿಣಿ, ಆಮೇಲೆ ಮುಂದಿಂದು" ಎನ್ನುತ್ತಿದ್ದರು. ಮುಂದೆ ಹೇಗಿದೆ, ನೀವಾದರೂ ನುಡಿಸಿ ತೋರಿಸಿ ಎಂದರೆ, "ಊಹೂಂ, ನಿಂದು ಕಳ್ಳ ಕಿವಿ. ಕೇಳೇ ಕಲ್ತುಬಿಡ್ತೀಯ" ಎಂದು ನಗುತ್ತಿದ್ದರು. ಏಳನೇ ಪುಟದ ಕೊನೆಯಲ್ಲಿ ಎಡಗೈ ಮೆಟ್ಟಿಲು ಹತ್ತಿದ ಹಾಗೆ ಏರುತ್ತಾ ಏರುತ್ತಾ ಹೋಗಿ, ಇನ್ನೇನು ಮೇಲಿನ ಸ್ವರ ಮುಟ್ಟಬೇಕು, ಅಷ್ಟರಲ್ಲಿ ಹಾಳೆ ಮುಗಿಯುತ್ತದೆ. ಆ ಸ್ವರ ಎಂಟನೇ ಪುಟದಲ್ಲಿತ್ತು. ಅದನ್ನು ಕೊಡುವ ಮೊದಲೇ ಮೇಷ್ಟ್ರು ಆಸ್ಪತ್ರೆ ಸೇರಿದರು, ಮನೆಗೆ ಬರಲಿಲ್ಲ.

ಅವರ ವರ್ಷದ ಪುಣ್ಯಸ್ಮರಣೆಯಲ್ಲಿ ಸೊನಾಟಾವನ್ನು ಪೂರ್ತಿ ನುಡಿಸಬೇಕೆಂದು ನಾನು ಹಟ ತೊಟ್ಟೆ. ಹೊಟ್ಟೆಪಾಡಿಗೆ ನಾನು ಮಾಡುವುದು ಮಕ್ಕಳಿಗೆ ಕೀಬೋರ್ಡ್ ಪಾಠ. ಅವರ ಅಪ್ಪ ಅಮ್ಮಂದಿರಿಗೆ ಬೇಕಾದದ್ದು ಸ್ಕೂಲ್ ಡೇಗೆ ಒಂದು ಸಿನಿಮಾ ಹಾಡು. ಜೀವನದಲ್ಲಿ ನನಗಾಗಿ ನಾನು ಕೇಳಿಕೊಂಡದ್ದು ಈ ಒಂದು ಸೊನಾಟಾ. ಮಾಸ್ಕೋದ ಲೈಬ್ರರಿಗಳಿಗೆ ಬರೆದೆ. ಮೂಲೆಗುಂಪಾದ ಸೋವಿಯತ್ ಸಂಗೀತಗಾರರ ಹಾಳೆಗಳನ್ನೇ ಹುಡುಕಿ ಕೂಡಿಡುವವರ ಗುಂಪೊಂದು ಇಂಟರ್ನೆಟ್ಟಿನಲ್ಲಿದೆ, ಅಲ್ಲಿ ಸೇರಿ ಗೋಗರೆದೆ. ಕೊನೆಗೆ ಜರ್ಮನಿಯ ಒಬ್ಬ ಮುದುಕ ಉತ್ತರ ಕೊಟ್ಟ: "ಅದರ ಒಂದೇ ಪ್ರತಿ ಯಾರೋ ಭಾರತದ ವಿದ್ಯಾರ್ಥಿಯ ಹತ್ತಿರ ಇತ್ತಂತೆ. ನಿಮಗೆ ಸಿಕ್ಕಿದರೆ ನಮಗೂ ಕಳಿಸಿ." ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು.

ಮೇಷ್ಟ್ರು ಮದುವೆಯಾದವರಲ್ಲ. ಬಾಡಿಗೆ ಮನೆಯ ಸಾಮಾನೆಲ್ಲ ಗುಜರಿಗೆ ಹೋಯಿತೆಂದೇ ನಾನು ತಿಳಿದಿದ್ದೆ. ಮತ್ತೆ ಹೋಗಿ ವಿಚಾರಿಸಿದಾಗ, ಮನೆಯ ಯಜಮಾನರು ಟ್ರಂಕನ್ನು ಮಾತ್ರ ಜಂಗಮಕೋಟೆಯಲ್ಲಿರುವ ಮೇಷ್ಟ್ರ ಅಕ್ಕ ಆಂಜಿನಮ್ಮನಿಗೆ ಕಳಿಸಿದೆವು ಎಂದರು. ಅಲ್ಲೇ ನಿಂತು ಫೋನ್ ಮಾಡಿದೆ.

"ಅಮ್ಮ, ಮೇಷ್ಟ್ರ ಟ್ರಂಕಲ್ಲಿ ರಷ್ಯಾ ನೋಟ್ಸ್ ಇರ್ಬೇಕು. ಜೋಪಾನ. ಒಂದೂ ಹರೀಬಾರ್ದು."

"ರಷ್ಯಾ ನೋಟಾ?"

"ಹೂಂ, ನೋಟ್ಸು. ಪ್ರಪಂಚದಲ್ಲಿ ಬೇರೆ ಎಲ್ಲೂ ಇಲ್ಲ. ಬೆಲೆ ಕಟ್ಟೋಕಾಗಲ್ಲಮ್ಮ ಅದಕ್ಕೆ."

"ಅಯ್ಯೋ ದೇವುಡಾ! ಆಗ್ಲಿ ತಾಯಿ, ಹುಡುಕಿ ಇಕ್ಕಿರ್ತೀನಿ. ನೀನೇ ಬಾ, ಯಾರ ಕೈಗೂ ಕೊಡಲ್ಲ."

ಪಾಠದ ಮಕ್ಕಳ ಪರೀಕ್ಷೆ ಮುಗಿಸಿಕೊಂಡು ಶಿಡ್ಲಘಟ್ಟದ ಮೇಲೆ ಜಂಗಮಕೋಟೆಗೆ ಹೋದೆ. ಹಾಳೆಗಳು ಮುದುರದಿರಲೆಂದು ದೊಡ್ಡ ಫೈಲು ಬೇರೆ ಕೊಂಡಿದ್ದೆ. ಆಂಜಿನಮ್ಮ ನನ್ನನ್ನು ಒಳಗೆ ಕರೆದು ಬಾಗಿಲು ಮುಂದಕ್ಕೆ ತಳ್ಳಿದರು. ದೇವರ ಪಟದ ಹಿಂದಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಎರಡೂ ಕೈಯಲ್ಲಿ ನನಗೆ ಕೊಟ್ಟರು. ಒಳಗೆ ಹತ್ತು ರೂಬಲ್ಲಿನ ಒಂದು ಹಳೆಯ ನೋಟಿತ್ತು.

"ಗಾಂಧಿ ಇಲ್ಲ, ಯಾರೋ ಬೊಕ್ಕತಲೆಯೋನು ಅವ್ನೆ. ರಷ್ಯಾದ್ದೇ ಅಲ್ವಾ? ಟ್ರಂಕೆಲ್ಲ ಬೋರಲು ಹಾಕಿ, ಒಂದೊಂದು ಹಾಳೇನೂ ಕೊಡವಿ ನೋಡ್ದೆ ಕಣಮ್ಮ. ಸಿಕ್ಕಿದ್ದು ಇದೊಂದೇ. ನನ್ನ ಮಗ ಸುನೀಲ್‌ಕುಮಾರ ನಾವೇ ಇಟ್ಕೊಳ್ಳಣ ಅಂದ. ಇನ್ನೊಬ್ಬರದ್ದು ನಮಗ್ಯಾಕೋ ಅಂತ ಉಗಿದೆ."

ನಾನು ಫೈಲು ಕೆಳಗಿಟ್ಟೆ. "ಆ ಹಾಳೆಗಳು ಎಲ್ಲಿ?"

"ಆ ಗೀಟು ಹಾಳೆಗಳಾ? ಇರುವೆ ಹರದಂಗೆ ಕಪ್ಪುಕಪ್ಪಗೆ ಇದ್ವಲ್ಲ, ಅವಾ? ಕನ್ನಡಾನೂ ಅಲ್ಲ, ತೆಲುಗೂ ಅಲ್ಲ. ಒಳ್ಳೆ ದಪ್ಪ ಇದ್ವು, ಹುಳಕ್ಕೆ ಹಾಸ್ದೆ."

ನಾನು ಹುಳುವಿನ ಮನೆಗೆ ಓಡಿದೆ. ಸಾಲು ತಟ್ಟೆಗಳಲ್ಲಿ ರೇಷ್ಮೆಹುಳುಗಳು ಸೊಪ್ಪು ಮೇಯುತ್ತಿದ್ದವು, ಅಡಿಯಲ್ಲಿ ಮೊನ್ನೆಯ ದಿನಪತ್ರಿಕೆ. "ಎರಡನೇ ಜ್ವರ ಎದ್ವಲ್ಲ, ಹಾಸು ಬದಲಾಯಿಸ್ದೆ" ಎಂದು ಹಿಂದಿನಿಂದ ಬಂದ ಆಂಜಿನಮ್ಮ ವಿವರಿಸಿದರು. ಹುಳು ಪೊರೆ ಕಳಚುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಜ್ವರ ಬಿಟ್ಟ ಮೇಲೆ ಅಡಿಯ ಹಾಸನ್ನು ಹಿಕ್ಕೆಯ ಸಮೇತ ತಿಪ್ಪೆಗೆ ಹಾಕುತ್ತಾರೆ.

ತಿಪ್ಪೆಯಲ್ಲಿ ಕೈ ಹಾಕಿ ಕೆದಕಿದೆ. ಹಸಿ ಸೊಪ್ಪು, ಹಿಕ್ಕೆ, ಸುಣ್ಣದ ಪುಡಿ, ಮುದ್ದೆಯಾದ ಕಾಗದ. ಒಂದು ಚೂರಿನಲ್ಲಿ ಐದು ಗೆರೆ ಉಳಿದಿದ್ದವು, ಸ್ವರಗಳು ಮಸಿಯಾಗಿ ಹರಿದುಹೋಗಿದ್ದವು. ಮಾಸ್ಕೋದಲ್ಲಿ ಒಬ್ಬ ಹೆಂಗಸು ಬರೆದದ್ದು, ಮೇಷ್ಟ್ರು ಬದುಕಿಡೀ ಕಾಪಾಡಿಕೊಂಡದ್ದು, ನಾನು ಜಗತ್ತೆಲ್ಲ ಹುಡುಕಿದ್ದು, ಎಲ್ಲ ಅಷ್ಟೇ.

ಕೈ ತೊಳೆದು ಬಂದಾಗ ಆಂಜಿನಮ್ಮ ಮಜ್ಜಿಗೆ ಲೋಟ ಹಿಡಿದು ನಿಂತಿದ್ದರು. "ಖುಷಿ ಆಯ್ತೇನಮ್ಮ?" ಎಂದರು.

ಕಿರುಚಬೇಕು ಅನ್ನಿಸಿತು. ಆದರೆ ಯಾರ ಮೇಲೆ ಕಿರುಚಲಿ? ಹೇಳಿದ್ದನ್ನು ಆಕೆ ಅಕ್ಷರಶಃ ಮಾಡಿದ್ದರು. ಆ ಜಾಗದಲ್ಲಿ ನಾನಿದ್ದಿದ್ದರೆ ನೋಟನ್ನು ವಾಪಸು ಕೊಡುತ್ತಿದ್ದೆನೋ ಇಲ್ಲವೋ. 'ಹಾಳೆ' ಎಂದಿದ್ದರೆ ಸಾಕಿತ್ತು. ಕನ್ನಡದಲ್ಲಿ ಅಷ್ಟು ಸಲೀಸಾದ ಮಾತಿದೆ. ನನಗೆ 'ನೋಟ್ಸ್' ಬೇಕಾಯಿತು, ಪಿಯಾನೊ ಟೀಚರ್ ಅಲ್ಲವೇ.

"ಆಯ್ತಮ್ಮ" ಎಂದು ಮಜ್ಜಿಗೆ ಕುಡಿದೆ. ಬಸ್ಸಿನಲ್ಲಿ ಶಿಡ್ಲಘಟ್ಟದವರೆಗೂ ಅತ್ತೆ, ಅಲ್ಲಿಂದ ಮುಂದೆ ಮೇಷ್ಟ್ರನ್ನು ಬೈದೆ. ಪೂರ್ತಿ ಒಂದೇ ಸಲ ಜೆರಾಕ್ಸ್ ಮಾಡಿ ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಪುಣ್ಯಸ್ಮರಣೆ ಗೌರಿಬಿದನೂರಿನ ಒಂದು ಸಣ್ಣ ಹಾಲ್‌ನಲ್ಲಿ ನಡೆಯಿತು. ಮೇಷ್ಟ್ರು ಇಂಜಿನಿಯರಾಗಿದ್ದ ಕಾರ್ಖಾನೆಯ ಹಳೆಯ ಗೆಳೆಯರು, ನೆಂಟರು, ಮುಂದಿನ ಸಾಲಿನಲ್ಲಿ ಮಗನ ಜೊತೆ ಆಂಜಿನಮ್ಮ. ಬಾಡಿಗೆಗೆ ತಂದ ಕೀಬೋರ್ಡಿನ ಮುಂದೆ ಒಂದು ಮೈಕು. ಏಳು ಪುಟ ನುಡಿಸಿದೆ, ಚೆನ್ನಾಗಿಯೇ ನುಡಿಸಿದೆ. ಎಡಗೈ ಏರಿತು, ಏರಿತು, ನಿಂತಿತು. ಮುಗಿಯಿತೆಂದು ತಿಳಿದು ಎಲ್ಲರೂ ಚಪ್ಪಾಳೆ ತಟ್ಟಿದರು.

ಆಂಜಿನಮ್ಮ ತಟ್ಟಲಿಲ್ಲ. ಎದ್ದು ನನ್ನ ಹತ್ತಿರ ಬಂದರು. "ಮಿಕ್ಕಿದ್ದು ಯಾಕಮ್ಮ ನುಡಿಸ್ಲಿಲ್ಲ? ಅವನ ಮನೆಗೆ ಹೋದಾಗೆಲ್ಲ ನನ್ನ ಕೂರಿಸ್ಕೊಂಡು ಪೂರ್ತಿ ನುಡಿಸ್ತಿದ್ದ. ಇದಾದ್ಮೇಲೆ ಒಂದು ಕಡೆ ಗುಡುಗಿದಂಗೆ ಬರ್ತದೆ. ಆಮೇಲೆ ಮಗು ಮಲಗ್ಸೋ ಥರ, ಮೆತ್ತಗೆ."

ನನಗೆ ಒಮ್ಮೆಯೂ ಕೇಳಿಸದಿದ್ದುದನ್ನು ಈಕೆಗೆ ಎಷ್ಟೋ ಸಲ ಕೇಳಿಸಿದ್ದರು. ಹೊಟ್ಟೆ ಉರಿಯಿತು. ಆ ಉರಿಯಲ್ಲಿ ಮತ್ತೆ ಅದೇ ಹಾಳು ಮಾತು ಬಾಯಿಗೆ ಬಂತು. "ಅದಕ್ಕೆ ನೋಟ್ಸ್ ಇಲ್ಲಮ್ಮ."

"ಇಲ್ಲ ಅಂದ್ರೆ?" ಆಂಜಿನಮ್ಮ ಬೆರಗಾದರು. "ನಾನೇ ನಿನ್ನ ಕೈಗೆ ಕೊಟ್ಟೆನಲ್ಲಮ್ಮ!"

ಮೈಕು ಆನ್ ಆಗಿಯೇ ಇತ್ತು. ಹಾಲ್‌ನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆ ನೋಟು ಪ್ಲಾಸ್ಟಿಕ್ ಕವರಿನ ಸಮೇತ ನನ್ನ ಬ್ಯಾಗಿನಲ್ಲೇ ಇತ್ತು, ತೆಗೆದು ತೋರಿಸಿ ಏನೆಂದು ಹೇಳಲಿ? ಸುನೀಲ್‌ಕುಮಾರ್ ಎದ್ದು ಬಂದು ತಾಯಿಯ ತೋಳು ಹಿಡಿದುಕೊಂಡ.

"ಬಾಮ್ಮ, ಹೋಗಣ. ನಾನು ಆವತ್ತೇ ಹೇಳ್ದೆ. ಮಾರ್ಕೊಂಡಿರ್ತಾರೆ."