ಎಡಗಡೆಯ ಕೈಮರ

ನಾನು ಒಂದು ಕಾರು. ಕಬ್ಬಿಣ, ಗಾಜು, ರಬ್ಬರು, ಒಂದಿಷ್ಟು ಮರ, ಒಂದಿಷ್ಟು ಚರ್ಮ. ನನ್ನಲ್ಲಿ ಇರುವುದು ಇಷ್ಟೇ. ಸಾವಿರದ ಒಂಬೈನೂರ ಐವತ್ತೊಂದರಲ್ಲಿ, ಕಡಲಾಚೆಯ ಒಂದು ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದರು. ಒಬ್ಬ ಬಡಿದ, ಒಬ್ಬ ಬಿಗಿದ, ಇನ್ನೊಬ್ಬ ಕಪ್ಪು ಬಣ್ಣ ಬಳಿದ. ಹೆಸರಿಡಲಿಲ್ಲ, ನಂಬರು ಕೊಟ್ಟರು. ಮರದ ಪೆಟ್ಟಿಗೆಯೊಳಗೆ ಹಡಗು ಹತ್ತಿ ಮದರಾಸಿನ ಬಂದರಿನಲ್ಲಿ ಇಳಿದೆ.

ಈಗಿನ ಕಾರುಗಳಿಗಿಲ್ಲದ ಒಂದು ಅಂಗ ನನಗಿತ್ತು. ಮುಂಬಾಗಿಲಿಗೂ ಹಿಂಬಾಗಿಲಿಗೂ ನಡುವಿನ ಕಂಬದಲ್ಲಿ, ಎರಡೂ ಪಕ್ಕ, ಗೇಣುದ್ದದ ಒಂದೊಂದು ಕೈ. ಗುಂಡಿ ಒತ್ತಿದರೆ ಟಕ್ ಎಂದು ಹೊರಗೆ ಚಾಚಿಕೊಂಡು, ಕಿತ್ತಳೆ ಬಣ್ಣದ ದೀಪ ಹೊತ್ತಿ, ಇವನು ಈ ಕಡೆ ತಿರುಗುತ್ತಾನೆ ಎಂದು ಹಿಂದಿನವರಿಗೆ ಹೇಳುತ್ತಿತ್ತು. ರೈಲು ಹಳಿಯ ಪಕ್ಕದ ಕೈಮರದ ಮರಿ ಎನ್ನಿ. ತಿರುಗಿದ ಮೇಲೆ ಅದನ್ನು ಒಳಕ್ಕೆ ಕರೆಯುವುದು ನಡೆಸುವವರ ಕೆಲಸ. ಅವರು ಮರೆತರೆ ಅದು ಚಾಚಿಕೊಂಡೇ ಇರುತ್ತಿತ್ತು.

ಮೊದಲ ಒಡೆಯ ಮದರಾಸಿನ ಒಬ್ಬ ಡಾಕ್ಟರು. ಎರಡನೆಯವನು ಅರಸೀಕೆರೆಯ ಕೊಬ್ಬರಿ ಮಂಡಿಯವನು. ಅವನ ಕಾಲದಲ್ಲಿ, ಎಡಗಡೆಯ ಕೈ ಹೊರಗಿದ್ದಾಗ ಕೊಬ್ಬರಿ ಚೀಲ ಬಿದ್ದು ಅದು ಬುಡದಲ್ಲೇ ಮುರಿಯಿತು. "ಎಡಕ್ಕೆ ತಿರುಗೋದು ತಿರುಗಿದ ಮೇಲೆ ಎಲ್ರಿಗೂ ಕಾಣ್ಸುತ್ತೆ ಬಿಡು" ಎಂದು ಅವನು ರಿಪೇರಿ ಮಾಡಿಸಲಿಲ್ಲ. ನನಗೆ ನೋವಾಗಲಿಲ್ಲ. ಕಬ್ಬಿಣಕ್ಕೆ ನೋವಿಲ್ಲ.

ಎಪ್ಪತ್ತನಾಲ್ಕರಲ್ಲಿ ಹಾಸನಕ್ಕೆ ಬಂದೆ. ಹೊಸ ಒಡೆಯರು ಅಪ್ರಮೇಯ ಮೇಷ್ಟ್ರು, ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರು. ಅವರ ಹೆಂಡತಿ ಪದ್ಮಾಸನಿ ಕಾವ್ಯ ವಾಚನ ಮಾಡುವವರು. ಪದ್ಮಾಸನಿಯವರು ರಾಗವಾಗಿ ಪದ್ಯ ಓದಿದರೆ, ಮೇಷ್ಟ್ರು ಪಕ್ಕದಲ್ಲಿ ಕುಳಿತು ಅದರ ಅರ್ಥ ಬಿಡಿಸಿ ಹೇಳುತ್ತಿದ್ದರು. ಊರೂರಿಗೆ ಕರೆ ಬರುತ್ತಿತ್ತು. ನಾನು ಕರೆದೊಯ್ಯುತ್ತಿದ್ದೆ. ಸಭಾಂಗಣದ ಕಿಟಕಿಯ ಕೆಳಗೋ ಗುಡಿಯ ಗೋಡೆಯ ಪಕ್ಕಕ್ಕೋ ನನ್ನನ್ನು ನಿಲ್ಲಿಸುತ್ತಿದ್ದರು. ಮೂವತ್ತು ವರ್ಷ ನಾನು ಹೊರಗೆ ನಿಂತು ಕೇಳಿದೆ. ಭಕ್ತಿ ಎಂದರೇನೆಂದು ನನಗೆ ತಿಳಿಯದು. ಅಲ್ಲಾಡದೆ ನಿಂತು ಕೇಳುವುದೇ ಅದಾದರೆ, ನನಗೂ ಸ್ವಲ್ಪ ಇದ್ದಿರಬೇಕು.

ಮೊದಲ ದಿನ ಎಡಕ್ಕೆ ತಿರುಗುವಾಗ, ನನ್ನ ಕೈ ಮುರಿದಿದ್ದರಿಂದ, ಮೇಷ್ಟ್ರು ತಮ್ಮ ಬಲಗೈಯನ್ನೇ ಕಿಟಕಿಯಾಚೆ ಹಾಕಿ ಸುತ್ತಿಸತೊಡಗಿದರು. ಪದ್ಮಾಸನಿಯವರಿಗೆ ನಗು ತಡೆಯಲಿಲ್ಲ.

"ಗಾಳೀಲಿ ಮಜ್ಜಿಗೆ ಕಡೀಬೇಡೀಂದ್ರೆ. ಎರಡೂ ಕೈಲಿ ಸ್ಟೀರಿಂಗ್ ಹಿಡ್ಕೊಳ್ಳಿ. ಈ ಕಡೆ ಕೈ ನಂದು."

ಅಂದಿನಿಂದ ಅದೇ ರೂಢಿಯಾಯಿತು. ಎಡ ತಿರುವು ಹತ್ತಿರವಾದರೆ ಮೇಷ್ಟ್ರು "ಕೈ" ಎನ್ನುತ್ತಿದ್ದರು. ಪದ್ಮಾಸನಿಯವರು ಕಿಟಕಿಯಿಂದ ಎಡಗೈ ಚಾಚುತ್ತಿದ್ದರು. ಅಂದಿನ ಪದ್ಯಗಳನ್ನು ತುಟಿಯೊಳಗೇ ಗುನುಗಿಕೊಳ್ಳುತ್ತಿದ್ದ ಅವರಿಗೆ ಕೈ ಒಳಗೆ ತೆಗೆದುಕೊಳ್ಳುವುದು ನೆನಪಾಗುತ್ತಿರಲಿಲ್ಲ. ಫರ್ಲಾಂಗು ದೂರ ಹೋದ ಮೇಲೆ ಮೇಷ್ಟ್ರು, "ಪದ್ಮಾ, ತಿರುಗಿ ಆಯ್ತು. ಕೈ ಒಳಗೆ" ಎನ್ನಬೇಕು. ಅವರ ಬಳೆಗಳು ಉಜ್ಜಿ ಉಜ್ಜಿ ಎಡಬಾಗಿಲಿನ ಹೊರಮೈಯಲ್ಲಿ, ಕಿಟಕಿಯ ಕೆಳಗೆ, ಬಣ್ಣ ಗೀರುಬಿಟ್ಟಿತ್ತು. ಮುರಿದ ಕೈಯನ್ನು ಸರಿಮಾಡಿಸುವ ಯೋಚನೆ ಇಬ್ಬರಿಗೂ ಬರಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಹಿರೇಕಟ್ಟೆ ಎಂಬ ಊರಿನಲ್ಲಿ ಒಂದು ದೊಡ್ಡ ಕಾವ್ಯದ ವಾಚನ ನಡೆಯುತ್ತಿತ್ತು. ವಾರಕ್ಕೊಂದು ದಿನ, ದಿನಕ್ಕೊಂದು ಅಧ್ಯಾಯ. ಕೊನೆಯದಾದ ಹದಿನೇಳನೆಯ ಅಧ್ಯಾಯದ ನಡುವೆ ಪದ್ಮಾಸನಿಯವರ ದನಿ ನಿಂತಿತು. ಎದೆ ಹಿಡಿದುಕೊಂಡರು. ನಾಲ್ಕು ಜನ ಎತ್ತಿ ನನ್ನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಹಾಸನದ ಆಸ್ಪತ್ರೆಗೆ ಎಡಕ್ಕೆ ತಿರುಗಬೇಕು. ಮೇಷ್ಟ್ರು "ಕೈ" ಅಂದರು. ಮುಂದಿನ ಸೀಟು ಖಾಲಿಯಿತ್ತು. ಅವರು ಹಾಗೆಯೇ ತಿರುಗಿಸಿದರು. ಯಾರೂ ಗುದ್ದಲಿಲ್ಲ. ಯಾರೂ ಬೈಯಲಿಲ್ಲ. ಪದ್ಮಾಸನಿಯವರು ಮೂರನೆಯ ದಿನ ಹೋದರು.

ಮೇಷ್ಟ್ರು ನನ್ನನ್ನು ಮನೆಯ ಹಿಂದಿನ ಶೀಟಿನ ಮಾಡಿನ ಕೆಳಗೆ ನಿಲ್ಲಿಸಿ ಮನೆಯೊಳಗೆ ಹೋದರು. ಮತ್ತೆ ಬರಲಿಲ್ಲ. ಒಂದು ಕೋಳಿ ಬಂದು ಹಿಂದಿನ ಸೀಟಿನಲ್ಲಿ ಎರಡು ಬಾರಿ ಮರಿ ಮಾಡಿತು. ಟೈರುಗಳಿಂದ ಗಾಳಿ ಹೋಯಿತು. ಒಂದು ದಿನ ಹೋದಂತೆ ಇನ್ನೊಂದು ದಿನ ಹೋಯಿತು. ಒಳಗೆ ಮೇಷ್ಟ್ರಿಗೂ ಹಾಗೆಯೇ ಹೋಗುತ್ತಿತ್ತೆಂದು ತೋರುತ್ತದೆ. ಸಂಜೆಗಳಲ್ಲಿ ಆ ಮನೆಯಿಂದ ಈಗ ರೇಡಿಯೋ ಸದ್ದೂ ಕೇಳಿಸುತ್ತಿರಲಿಲ್ಲ.

ಪದ್ಮಾಸನಿಯವರ ಶಿಷ್ಯೆ ಸುಗುಣಾ ಬ್ಯಾಂಕಿನಲ್ಲಿ ಕೆಲಸ ಮಾಡುವವರು. ವರ್ಷಕ್ಕೊಮ್ಮೆ ಬಂದು ಒಂದೇ ಮಾತು ಆಡುತ್ತಿದ್ದರು. ನಾಲ್ಕನೆಯ ವರ್ಷ ಹಿತ್ತಲಲ್ಲೇ ಮಾತು ನಡೆದದ್ದರಿಂದ ನನಗೆ ಕೇಳಿಸಿತು.

"ಮೇಷ್ಟ್ರೇ, ಹಿರೇಕಟ್ಟೇಲಿ ಪುಸ್ತಕ ಇನ್ನೂ ಪೀಠದ ಮೇಲೇ ಇದೆ. ಮಂಗಳ ಹಾಡ್ದೆ ಬಟ್ಟೆ ಕಟ್ಟೋ ಹಾಗಿಲ್ಲ, ಇದು ಮುಗೀದೆ ಇನ್ನೊಂದು ಪುಸ್ತಕ ತೆಗೆಯೋ ಹಾಗಿಲ್ಲ. ನಾಲ್ಕು ವರ್ಷದಿಂದ ಆ ಊರಲ್ಲಿ ಒಂದು ಪದ್ಯ ಓದಿಲ್ಲ. ಉಳಿದದ್ದು ನಾನು ಓದ್ತೀನಿ. ಅರ್ಥ ನೀವು ಹೇಳ್ಬೇಕು. ಬೇರೆಯವರ ಕೈಲಿ ಹೇಳ್ಸೋಕೆ ಊರವರು ಒಪ್ತಾ ಇಲ್ಲ."

"ಹೇಗಮ್ಮ ಬರೋದು?" ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು. "ಹಿರೇಕಟ್ಟೆಗೆ ನಾವು ಹೋಗ್ತಿದ್ದಿದ್ದು ಇದರಲ್ಲಿ. ಇದು ಎದ್ದು ನಡೆದ ದಿನ ಬರ್ತೀನಿ."

ನನ್ನ ನಾಲ್ಕೂ ಚಕ್ರ ನೆಲದಲ್ಲಿ ಹೂತಿದ್ದವು. ಬಾನೆಟ್ಟಿನ ಮೇಲೆ ಪಾಚಿ ಬೆಳೆದಿತ್ತು. ಬರುವುದಿಲ್ಲ ಎಂಬುದನ್ನು ನೋಯದಂತೆ ಹೇಳುವ ರೀತಿ ಅದು. ಬೇರೆ ಯಾರೇ ಆಗಿದ್ದರೂ ತಿಳಿದುಕೊಂಡು ಎದ್ದು ಹೋಗುತ್ತಿದ್ದರು. ಸುಗುಣಾ ಮಾತ್ರ ಗುರುಗಳ ಬಾಯಿಂದ ಬಂದದ್ದನ್ನು ಅಕ್ಷರಕ್ಕೆ ಅಕ್ಷರ ನಂಬಿ ಬೆಳೆದವರು. ಮರುದಿನವೇ ಕಾರು ರಿಪೇರಿಯ ಪುಟ್ಟಾಚಾರ್ ಮೇಸ್ತ್ರಿಯನ್ನು ಕರೆತಂದರು. ಮೇಷ್ಟ್ರು ಬೇಡವೆನ್ನಲಿಲ್ಲ. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೂ ಒಂದಿಷ್ಟು ಜೀವ ಬೇಕು.

ಪುಟ್ಟಾಚಾರ್ ನನ್ನ ಸುತ್ತ ಒಂದು ಸುತ್ತು ಬಂದು, "ಇದು ಕಾರಲ್ಲ ಕಣವ್ವಾ, ಕೋಳಿಗೂಡು" ಎಂದ. ಆಮೇಲೆ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ ಕೆಲಸಕ್ಕೆ ಕೂತ.

ಏಳು ತಿಂಗಳಾಯಿತು. ಬಾಗಿಲುಗಳನ್ನು ಕಳಚಿ ಗೋಡೆಗೆ ಒರಗಿಸಿದರು. ಎಂಜಿನ್ನನ್ನು ಇಳಿಸಿ ಸೀಮೆಎಣ್ಣೆಯಲ್ಲಿ ತೊಳೆದರು. ಪಿಸ್ಟನ್ನುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಎಣ್ಣೆ ಬಿಟ್ಟು ಹದಿನೈದು ದಿನ ಕಾದ ಮೇಲೆ ಕದಲಿದವು. ಮಡ್‌ಗಾರ್ಡಿನ ತಗ್ಗುಗಳ ಹಿಂದೆ ಮರಳುಚೀಲ ಇಟ್ಟು ಮರದ ಸುತ್ತಿಗೆಯಲ್ಲಿ ಬಡಿದರು. ಉಪ್ಪುಕಾಗದದಿಂದ ಉಜ್ಜಿದರು. ನನಗೇನೂ ಅನ್ನಿಸಲಿಲ್ಲ. ಮೇಷ್ಟ್ರು ದಿನಾ ಬೆಳಿಗ್ಗೆ ಬಂದು ಕಲ್ಲಿನ ಮೇಲೆ ಕುಳಿತು ನೋಡುತ್ತಿದ್ದರು. ಪುಟ್ಟಾಚಾರ್ ಕೊಟ್ಟ ಚಹಾಕ್ಕೆ ಸಕ್ಕರೆ ಹಾಕುವುದು ಒಂದು ದಿನ ಮರೆತುಹೋಗಿತ್ತು. ಅವರು ಕುಡಿದು ಲೋಟ ಕೆಳಗಿಟ್ಟರು. ಅವರಿಗೆ ತಿಳಿಯಲಿಲ್ಲ.

ಎಡಸೀಟಿನ ಅಡಿಯಲ್ಲಿ ಎರಡು ಹೇರ್‌ಪಿನ್ನು, ಕಪ್ಪಾದ ಕಲ್ಲುಸಕ್ಕರೆಯ ಚೂರು, ನಾಲ್ಕೈದು ಲವಂಗ ಸಿಕ್ಕವು. ಪದ್ಮಾಸನಿಯವರು ಗಂಟಲಿಗೆಂದು ಇಟ್ಟುಕೊಳ್ಳುತ್ತಿದ್ದವು. ಪುಟ್ಟಾಚಾರ್ ಕಾಗದದಲ್ಲಿ ಕಟ್ಟಿ ಕೊಟ್ಟ. ಮೇಷ್ಟ್ರು ಬಿಚ್ಚಿ ನೋಡದೆ ಜೇಬಿಗೆ ಹಾಕಿಕೊಂಡರು.

ಬಣ್ಣ ಮುಗಿದ ದಿನ ಪುಟ್ಟಾಚಾರ್ ಅವರನ್ನು ಎಡಗಡೆಗೆ ಕರೆದ.

"ಇಲ್ನೋಡಿ ಮೇಷ್ಟ್ರೇ. ಈ ಬಾಗ್ಲ ಮೇಲೆ ಗೀರೋ ಗೀರು. ಯಾವ ಬೆಕ್ಕು ಹತ್ತಿ ಇಳೀತಿತ್ತೋ. ಮೂರು ದಿನ ಉಜ್ಜಿದ್ದೀನಿ. ಈಗ ಮುಖ ನೋಡ್ಕೊಂಡು ಕ್ಷೌರ ಮಾಡ್ಕೋಬೋದು."

ಮೇಷ್ಟ್ರು ಕಿಟಕಿಯ ಕೆಳಗೆ ಬೆರಳಾಡಿಸಿದರು. ನುಣ್ಣಗಿತ್ತು.

"ಚೆನ್ನಾಗಿದೆ, ಪುಟ್ಟಾಚಾರ್" ಎಂದರು.

"ಇನ್ನೊಂದೈತೆ. ಈ ಮುರುದ್ ಕೈಗೆ ಹೊಸಾದು ನಾನೇ ಎರಕ ಹೊಯ್ದೆ. ವಯರು ನೇರ ಬ್ಯಾಟ್ರಿಯಿಂದ್ಲೇ ಎಳ್ದಿವ್ನಿ. ಒತ್ತಿ."

ಮೇಷ್ಟ್ರು ಒತ್ತಲಿಲ್ಲ. ಪುಟ್ಟಾಚಾರನೇ ಒತ್ತಿದ. ಮೂವತ್ತೈದು ವರ್ಷಗಳ ಮೇಲೆ ನನ್ನ ಎಡಗೈ ಟಕ್ ಎಂದು ಚಾಚಿತು. ಹೊಸ ಬಣ್ಣಕ್ಕೆ ಸ್ವಲ್ಪ ಬಿಗಿಯಾಗಿತ್ತು.

ಮೊದಲ ಓಡಾಟ ಗಣಪತಿ ಗುಡಿಗೆ, ಪೂಜೆ ಮಾಡಿಸಲು. ಚಕ್ರಗಳಡಿಗೆ ಇಡಲು ನಿಂಬೆಹಣ್ಣು ಹಿಡಿದು ಅರ್ಚಕರು ಅಲ್ಲಿ ಕಾಯುತ್ತಿದ್ದರು. ಮೇಷ್ಟ್ರು ಸ್ಟೀರಿಂಗ್ ಹಿಡಿದರು, ಪಕ್ಕದಲ್ಲಿ ಪುಟ್ಟಾಚಾರ್.

"ಎಡಕ್ಕೆ ಮೇಷ್ಟ್ರೇ, ಗುಡಿ ಎಡಕ್ಕೆ."

ಮೇಷ್ಟ್ರು ನೇರ ಹೋದರು. ಮುಂದಿನ ಬೀದಿಯಲ್ಲಿ ಬಲಕ್ಕೆ ತಿರುಗಿದರು. ಮತ್ತೆ ಬಲಕ್ಕೆ. ಮತ್ತೂ ಬಲಕ್ಕೆ. ಬಿಟ್ಟ ರಸ್ತೆಯನ್ನೇ ಅಡ್ಡ ದಾಟಿ ಗುಡಿಯ ಮುಂದೆ ನಿಲ್ಲಿಸಿದರು.

"ದಾರಿ ಇದೆಯಲ್ಲ, ಪುಟ್ಟಾಚಾರ್."

"ಐತೆ, ಐತೆ. ಹಿಂಗೇ ಹೋದ್ರೆ ಕಾಶಿಗೂ ದಾರಿ ಐತೆ."

ಎರಡನೆಯ ಓಡಾಟದಲ್ಲೂ, ಪೇಟೆಗೆ ಹೋದಾಗ, ಅದೇ ಆಯಿತು. ಪುಟ್ಟಾಚಾರ್ ಸುಗುಣಾರಿಗೆ ವರದಿ ಒಪ್ಪಿಸಿದ: "ಮೇಷ್ಟ್ರು ಊರಿಗೆಲ್ಲಾ ಪ್ರದಕ್ಷಿಣೆ ಆಕ್ತಾವ್ರೆ ಕಣವ್ವಾ. ಎಡಕ್ಕೆ ಅನ್ನೋದೇ ಮರ್ತೋಗದೆ." ಸುಗುಣಾ ನಗಲಿಲ್ಲ. ಹಿರೇಕಟ್ಟೆಯ ದಾರಿ ಅವರಿಗೆ ಗೊತ್ತಿತ್ತು. ಕೆರೆ ಏರಿ ಮುಗಿಯುವಲ್ಲಿ ಎಡಕ್ಕೆ ತಿರುಗಬೇಕು. ಬಲಕ್ಕೆ ನೀರು. ಸುತ್ತಿ ಬರುವುದಕ್ಕೆ ಬೀದಿಗಳಿಲ್ಲ.

ಮೂರನೆಯ ಓಡಾಟ ಒಂದು ಭಾನುವಾರ ಮಧ್ಯಾಹ್ನ. ಸುಗುಣಾ ಹಿಂದೆ ಕುಳಿತರು. ಮುಂದೆ, ಪದ್ಮಾಸನಿಯವರು ಕೂರುತ್ತಿದ್ದ ಜಾಗದಲ್ಲಿ ಕೂರಲಿಲ್ಲ. ಪುಟ್ಟಾಚಾರ್ ಸ್ಪ್ಯಾನರುಗಳ ಚೀಲ ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಹಿಂಬಾಲಿಸಿದ. ಏರಿಯ ಮೇಲೆ ಒಂದು ಖಾಸಗಿ ಬಸ್ಸು ನಮ್ಮ ಬೆನ್ನು ಹತ್ತಿತು. ತಿರುವು ಕಾಣಿಸಿತು. ಮೇಷ್ಟ್ರು ನಿಧಾನ ಮಾಡಿದರು. ಪೂರ್ತಿ ನಿಲ್ಲಿಸಿದರು.

"ಕೈ" ಎಂದರು.

ದೊಡ್ಡ ದನಿಯಲ್ಲೇನೂ ಅಲ್ಲ. ಹಿಂದಿನ ಸೀಟಿನಲ್ಲಿ ಸುಗುಣಾರ ಕೈ ಮಡಿಲಿನಿಂದ ಒಂದಿಷ್ಟು ಎದ್ದಿತು. ಆಮೇಲೆ ಅಲ್ಲೇ ಇಳಿಯಿತು. ಮೇಷ್ಟ್ರು ಕೇಳಿದ್ದು ತಮ್ಮ ಕೈಯನ್ನಲ್ಲವೆಂದು ಅವರಿಗೆ ಗೊತ್ತಿತ್ತು.

ಬಸ್ಸಿನ ಕಂಡಕ್ಟರು ಬಾಗಿಲಿನಿಂದ ಬಗ್ಗಿದ. "ಏನ್ ಯಜಮಾನ್ರೇ, ಆ ಕಡೇನೋ ಈ ಕಡೇನೋ? ಕೆರೆಗೇ ಇಳಿಯಂಗಿದ್ರೆ ಹೇಳ್ಬುಡಿ, ನಾವು ಮುಂದಕ್ಕೆ ಓಯ್ತೀವಿ."

ನನ್ನ ಎಂಜಿನ್ನು ನಿಂತಲ್ಲೇ ಬಡಿದುಕೊಳ್ಳುತ್ತಿತ್ತು. ಈಗ ಹಿಂದಕ್ಕೆ ತಿರುಗಿದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಹಿರೇಕಟ್ಟೆಯಲ್ಲಿ ಪುಸ್ತಕ ಇನ್ನಷ್ಟು ವರ್ಷ ಬಿಚ್ಚಿಕೊಂಡೇ ಇರುತ್ತಿತ್ತು. ಮೇಷ್ಟ್ರ ಬೆರಳು ಗುಂಡಿಯ ಮೇಲೆ ಬಹಳ ಹೊತ್ತು ಇತ್ತು. ಆಮೇಲೆ ಒತ್ತಿತು.

ಟಕ್ ಎಂದು ನನ್ನ ಕೈ ಚಾಚಿತು. ದೀಪ ಹೊತ್ತಿತು. ನಾವು ಎಡಕ್ಕೆ ತಿರುಗಿದೆವು. ಅಷ್ಟೇ. ಏನೋ ಆಗುತ್ತದೆಂದು ಸುಗುಣಾ ಉಸಿರು ಹಿಡಿದಿದ್ದರು. ಏನೂ ಆಗಲಿಲ್ಲ.

ನನ್ನನ್ನು ಹೊಂಗೆ ಮರದ ಕೆಳಗೆ, ಕಿಟಕಿಯ ಹತ್ತಿರ ನಿಲ್ಲಿಸಿದರು. ಹಳೆಯ ಜಾಗವೇ. ಒಳಗೆ ಸುಗುಣಾ ಹದಿನೇಳನೆಯ ಅಧ್ಯಾಯದ ನಡುವಿನಿಂದ, ಪದ್ಮಾಸನಿಯವರು ನಿಲ್ಲಿಸಿದ ಪದ್ಯದಿಂದಲೇ, ಎತ್ತಿಕೊಂಡರು. ಪದ್ಯ ಮುಗಿಯಿತು. ಈಗ ಮೇಷ್ಟ್ರ ಸರದಿ. ಯಾರೋ ಕೆಮ್ಮಿದರು.

"ಇಲ್ಲಿ ಕವಿ ಹೇಳೋದು ಏನಪ್ಪಾ ಅಂದ್ರೆ..." ಮೇಷ್ಟ್ರು ಆರಂಭಿಸಿದರು. ತರಗತಿಯಲ್ಲಿ ಹಳೆಯ ಪಾಠ ಒಪ್ಪಿಸಿದಂತೆ, ಏರಿಲ್ಲ, ಇಳಿವಿಲ್ಲ. ಆದರೂ ಒಂದು ಪದ್ಯವನ್ನೂ ಬಿಡಲಿಲ್ಲ. ಬಿಸಿಲು ನನ್ನ ಬಾನೆಟ್ಟಿನಿಂದ ಜಾರಿ ಗೋಡೆಗೆ ಹೋಯಿತು. ಮಂಗಳ ಹಾಡಿದರು. ಪುಸ್ತಕಕ್ಕೆ ಬಟ್ಟೆ ಕಟ್ಟಿದರು. ನಾಲ್ಕು ವರ್ಷದ ಕೆಲಸ ಮುಗಿಯಿತು.

ಮೇಷ್ಟ್ರು ಹಣೆಗೆ ಅಕ್ಷತೆ ಅಂಟಿಸಿಕೊಂಡು ಹೊರಗೆ ಬಂದರು. ಕೀಲಿ ತಿರುಗಿಸಿದರೆ ನಾನು ಏಳಲಿಲ್ಲ. ಪುಟ್ಟಾಚಾರ್ ಸುತ್ತ ನೋಡಿ ಹಣೆ ಚಚ್ಚಿಕೊಂಡ.

"ತಿರುಗ್ದಾಗಿಂದ ಆಫೇ ಮಾಡಿಲ್ವಲ್ಲ ಮೇಷ್ಟ್ರೇ. ಮೂರು ಗಂಟೆ ಅದೊಂದೇ ಲೈಟು ಬ್ಯಾಟ್ರಿ ಕುಡ್ಕೊಂಡು ಕೂತೈತೆ."

ದೀಪ ಆರಿತ್ತು. ಕೈ ಮಾತ್ರ, ಹೊಸ ಬಣ್ಣಕ್ಕೆ ಅಂಟಿಕೊಂಡು, ಚಾಚಿದಂತೆಯೇ ನಿಂತಿತ್ತು. ವಾಚನ ನಡೆದಷ್ಟು ಹೊತ್ತೂ ಹಾಗೆಯೇ ಇತ್ತು.

ಮೇಷ್ಟ್ರು ಕೆಳಗಿಳಿದು ಎಡಗಡೆಗೆ ಬಂದರು. ಜನ ತಳ್ಳುವುದಕ್ಕೆಂದು ಪಂಚೆ ಎತ್ತಿ ಕಟ್ಟುತ್ತಿದ್ದರು. ಅವರು ಆ ಪುಟ್ಟ ಕೈಯನ್ನು ಎರಡು ಬೆರಳಲ್ಲಿ ಹಿಡಿದರು.

"ತಿರುಗಿ ಆಯ್ತು" ಎಂದರು. "ಕೈ ಒಳಗೆ."

ಮೆಲ್ಲನೆ ಮಡಚಿದರು. ಆಮೇಲೆ ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ನಿಂತರು. ತಳ್ಳಲು ಬಂದವರು ಕಾದರು.

ಈಗ ನಾನು ಅದೇ ಮಾಡಿನ ಕೆಳಗಿದ್ದೇನೆ. ಮಾಡಿಗೆ ಹೊಸ ಶೀಟು ಬಂದಿದೆ, ಕೋಳಿಗೆ ಬೇರೆ ಜಾಗ ಸಿಕ್ಕಿದೆ. ತಿಂಗಳಿಗೊಮ್ಮೆ ಯಾವುದಾದರೂ ಊರಿಗೆ ಹೋಗುತ್ತೇವೆ. ಮೇಷ್ಟ್ರು ಎಡಕ್ಕೂ ತಿರುಗುತ್ತಾರೆ. ತಿರುಗಿದ ಮೇಲೆ ಕೈಯನ್ನು ಒಳಗೆ ಕರೆಯುವುದಿಲ್ಲ. ಫರ್ಲಾಂಗು ದೂರ ಚಾಚಿಕೊಂಡೇ ಹೋಗುತ್ತದೆ. ಹಿಂದಿನವರು ಹಾರನ್ನು ಹೊಡೆಯುತ್ತಾರೆ. ಆಮೇಲೆ ಅವರು ಆ ಎರಡು ಮಾತು ಆಡಿ ಗುಂಡಿ ಒತ್ತುತ್ತಾರೆ. ಮರೆಯುತ್ತಾರೋ, ಬೇಕೆಂದೇ ಬಿಡುತ್ತಾರೋ, ನನಗೆ ತಿಳಿಯದು. ಕೇಳಿಸಿಕೊಳ್ಳುವುದಷ್ಟೇ ನನ್ನ ಕೆಲಸ. ಕೇಳಿಸಿಕೊಂಡು ಕೈಯನ್ನು ಒಳಗೆ ತೆಗೆದುಕೊಳ್ಳುತ್ತೇನೆ.